ತತ್ತಿಯ ತೂಕ ಇಳಿಯಬೇಕು

ಜವಾರಿ ಕೋಳಿ ಹತ್ತು-ಹನ್ನೆರಡು ತತ್ತಿ ಇಟ್ಟಿತೆಂದರೆ ಕಾವಿಗೆ ಕೂತುಬಿಡುತ್ತದೆ. ಕೂತ ಮೇಲೆ ತತ್ತಿ ಇಡುವುದು ಬಂದ್. 21 ದಿನ ಕಾವು, ಆಮೇಲೆ ಮರಿಗಳನ್ನು ಬೆನ್ನಿಗೆ ಹಾಕಿಕೊಂಡು ಕೆದರುತ್ತ ತಿರುಗುವ ಕೆಲಸ. ಹೀಗಾಗಿ ವರ್ಷಕ್ಕೆ ಅದು ಕೊಡುವ ತತ್ತಿ 60ರ ಆಸುಪಾಸು. ತತ್ತಿಗಳನ್ನು ದಿನಾ ಎತ್ತಿ ಇನ್‌ಕ್ಯುಬೇಟರಿನಲ್ಲಿಟ್ಟರೆ ಮರಿಯೂ ಆಯಿತು, ಕೋಳಿ ಮತ್ತೆ ತತ್ತಿಯನ್ನೂ ಇಟ್ಟಿತು ಎನ್ನುವುದು ಮನೆಯಲ್ಲೇ ಮರಿ ಮಾಡಿಸುವವರ ಲೆಕ್ಕ.

ಲೆಕ್ಕ ಸರಿಯೇ. ಪೆಟ್ಟಿಗೆ ಮಾಡುವುದೂ ದೊಡ್ಡ ವಿದ್ಯೆಯಲ್ಲ. ದಪ್ಪ ಥರ್ಮಾಕೋಲ್ ಡಬ್ಬಿ, ಒಳಗೊಂದು ಹಳೆಯ ನಮೂನೆಯ ತಂತಿ ಬಲ್ಬು (ಎಲ್‌ಇಡಿ ನಡೆಯುವುದಿಲ್ಲ, ಅದರ ಬಿಸಿ ಏತಕ್ಕೂ ಸಾಲದು), ಕಂಪ್ಯೂಟರಿನ ಸಣ್ಣ ಫ್ಯಾನು, ಬಟ್ಟಲು ನೀರು, ಬಲ್ಬನ್ನು ಹಚ್ಚಿ ಆರಿಸುವ ಥರ್ಮೋಸ್ಟಾಟ್. ಫ್ಯಾನಿದ್ದರೆ ಕಾವು 37.5 ಡಿಗ್ರಿ ಸೆಲ್ಸಿಯಸ್. ಇಷ್ಟಾದರೆ ಮರಿ ಬಂದ ಹಾಗೇ ಎಂದು ನಂಬಿದವರು ಸಾಮಾನ್ಯವಾಗಿ ಸೋಲುತ್ತಾರೆ. ಏಕೆಂದರೆ ತತ್ತಿಗೆ ಬಿಸಿ ಕೊಡುವುದು ಸುಲಭ. ತತ್ತಿಯಿಂದ ಹೊರಗೆ ಹೋಗಬೇಕಾದ್ದನ್ನು ಹೋಗಗೊಡುವುದೇ ತ್ರಾಸಿನ ಕೆಲಸ.

ಮೊದಲು ನೀರಿನ ಮಾತು. ತತ್ತಿಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಆಮ್ಲಜನಕ ಒಳಗೆ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೊರಗೆ ಹೋಗುತ್ತವೆ. ನೀರು ಹೋದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಯ ಗೂಡು ಹಿಗ್ಗುತ್ತದೆ. ಕಡೆಗೆ ಮರಿ ಕೊಕ್ಕು ಚುಚ್ಚಿ ಮೊದಲ ಉಸಿರೆಳೆಯುವುದು ಅಲ್ಲಿಯೇ. 18 ದಿನಗಳಲ್ಲಿ ತತ್ತಿ ತನ್ನ ತೂಕದ ಶೇಕಡಾ 12ರಷ್ಟನ್ನು ಕಳೆದುಕೊಳ್ಳಬೇಕು. ಅಂದರೆ 40 ಗ್ರಾಂ ಜವಾರಿ ತತ್ತಿ ಏಳನೆಯ ದಿನಕ್ಕೆ 38, ಹದಿನೆಂಟನೆಯ ದಿನಕ್ಕೆ 35 ಗ್ರಾಮಿಗೆ ಬಂದಿರಬೇಕು.

ಈಗ ಚಿಕ್ಕೋಡಿ ತಾಲೂಕಿನ ಯಡೂರಿಗೆ ಬನ್ನಿ. ಕೃಷ್ಣೆಯ ದಂಡೆಯ ಮೇಲಿನ ವೀರಭದ್ರನ ಊರು, ಸುತ್ತ ಕಬ್ಬು. ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ಗಾಳಿಯೇ ಒದ್ದೆ. ಅಂಥ ದಿನಗಳಲ್ಲೂ ಪೆಟ್ಟಿಗೆಯೊಳಗೆ ಬಟ್ಟಲು ತುಂಬ ನೀರಿಟ್ಟರೆ ತತ್ತಿಯ ನೀರು ಹೊರಗೆ ಹೋಗುವುದೇ ಇಲ್ಲ. ಗಾಳಿಯ ಗೂಡು ಚಿಕ್ಕದಾಗೇ ಉಳಿಯುತ್ತದೆ. ಪೂರ್ತಿ ಬೆಳೆದ ಮರಿ ಉಸಿರಿಗೆ ಜಾಗವಿಲ್ಲದೆ ಚಿಪ್ಪಿನೊಳಗೇ ಸಾಯುತ್ತದೆ. ಒಡೆದು ನೋಡಿದವರು ಕಾವು ಕಡಿಮೆಯಾಯಿತೆಂದು ಬಲ್ಬನ್ನು ಬೈಯುತ್ತಾರೆ! ಮೊದಲ 18 ದಿನ ತೇವಾಂಶ ಶೇಕಡಾ 50ರಿಂದ 55 ಇದ್ದರೆ ಸಾಕು; ಮಳೆಗಾಲದಲ್ಲಿ ಬಟ್ಟಲು ಚಿಕ್ಕದಿರಲಿ, ಬೇಕಾದರೆ ತೆಗೆದೇ ಇಡಿ. ಅಂದಾಜಿಗಿಂತ ಗ್ರಾಂ ತೋರಿಸುವ ಸಣ್ಣ ತಕ್ಕಡಿಯನ್ನು ನಂಬುವುದು ಲೇಸು.

ಹೊರಹೋಗಬೇಕಾದ ಎರಡನೆಯದು ಬಿಸಿ. ಮೊದಲ ವಾರ ಭ್ರೂಣ ಬಿಸಿಯನ್ನು ಬರೀ ತೆಗೆದುಕೊಳ್ಳುತ್ತದೆ. ದೊಡ್ಡದಾದಂತೆ ತಾನೇ ಬಿಸಿ ಹುಟ್ಟಿಸತೊಡಗುತ್ತದೆ. ಬೇಸಿಗೆಯ ಮಧ್ಯಾಹ್ನ ತಗಡಿನ ಮನೆಯೊಳಗೇ 39-40 ಡಿಗ್ರಿ ಆದಾಗ ಥರ್ಮೋಸ್ಟಾಟ್ ಏನು ಮಾಡೀತು? ಬಲ್ಬು ಆರಿಸೀತು, ಅಷ್ಟೇ. ಈ ಪೆಟ್ಟಿಗೆಗೆ ಕಾಯಿಸಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ನಮ್ಮ ಜನ ಹೆದರುವುದು ಮಾತ್ರ ಕರೆಂಟ್ ಹೋಗುವುದಕ್ಕೆ. ಹೋದ ಕೂಡಲೇ ಪೆಟ್ಟಿಗೆಗೆ ಕೌದಿ ಹೊದಿಸಿ, ಗಾಳಿಯ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು ಬರುತ್ತದೆ. ಅಷ್ಟು ಹೊತ್ತು ತತ್ತಿ ಆರುತ್ತದೆ. ತಾಸೆರಡು ತಾಸು ತಣ್ಣಗಾದರೆ ಮರಿ ಒಡೆಯುವುದು ತುಸು ತಡವಾದೀತು, ಕೆಡುವುದು ಕಡಿಮೆ. ಆದರೆ 40 ದಾಟಿದ ಕಾವು ಕೆಲವೇ ತಾಸುಗಳಲ್ಲಿ ಮುಗಿಸಿಬಿಡುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಯ ಜಾಗ ದಪ್ಪ ಗೋಡೆಯ ನಡುಮನೆಯಲ್ಲಿ, ತಗಡಿನ ಕೆಳಗಲ್ಲ.

ಉಳಿದದ್ದು ಕೈಕೆಲಸ. ಕೋಳಿ ಕೊಕ್ಕಿನಿಂದ ತತ್ತಿ ಹೊರಳಿಸುತ್ತಲೇ ಇರುತ್ತದೆ, ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟಿಕೊಂಡೀತು. ನಾವು ಪೆನ್ಸಿಲ್ ಗುರುತು ಹಾಕಿ ದಿನಕ್ಕೆ 3 ಅಥವಾ 5 ಸಲ ಹೊರಳಿಸಬೇಕು. ಬೆಸವೇ ಏಕೆಂದರೆ, ರಾತ್ರಿಯ ದೀರ್ಘ ಹೊತ್ತು ದಿನಾ ಒಂದೇ ಮಗ್ಗುಲಾಗಬಾರದು. ಏಳನೆಯ ದಿನ ಕತ್ತಲಲ್ಲಿ ಬ್ಯಾಟರಿ ಹಿಡಿದರೆ ಜೀವವಿರುವ ತತ್ತಿಯಲ್ಲಿ ಜೇಡನ ಕಾಲುಗಳಂತೆ ರಕ್ತನಾಳಗಳು ಹರಡಿರುತ್ತವೆ. ತಿಳಿಯಾಗಿದ್ದುದು ಬಂಜೆ ತತ್ತಿ. ಅಂಗಡಿಯ ಫಾರಂ ತತ್ತಿ ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ, ಆ ಫಾರಮ್ಮುಗಳಲ್ಲಿ ಹುಂಜವೇ ಇರುವುದಿಲ್ಲ.

ಚೂಪು ತತ್ತಿಯಲ್ಲಿ ಹುಂಜ, ದುಂಡು ತತ್ತಿಯಲ್ಲಿ ಹ್ಯಾಟೆ ಎಂದು ಆರಿಸುವವರಿದ್ದಾರೆ. ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ತದ್ವಿರುದ್ಧವಾಗಿ ಬರೆದ. ಇಬ್ಬರದೂ ತಪ್ಪು. ತತ್ತಿಯ ಆಕಾರ ತಾಯಿಯ ಅಂಡನಾಳದ್ದು. ಮರಿಯ ಲಿಂಗ ತಾಯಿಯ ವರ್ಣತಂತುವಿನಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ, ಕಾವು ಹೆಚ್ಚು-ಕಡಿಮೆ ಮಾಡಿ ಬದಲಿಸಲಾಗದು. ಕಾವಿನಿಂದಲೇ ಗಂಡು-ಹೆಣ್ಣು ತೀರ್ಮಾನವಾಗುವ ಪ್ರಾಣಿ ಬೇಕೆಂದರೆ ಅದೇ ಕೃಷ್ಣೆಯಲ್ಲಿದೆ: ಮೊಸಳೆ. ಮರಳಿನಲ್ಲಿ ಹುಗಿದ ಅದರ ತತ್ತಿಗಳು 31 ಡಿಗ್ರಿಯವರೆಗೆ ಹೆಣ್ಣು, 32.5ರ ಸುಮಾರಿಗೆ ಗಂಡು.

18ನೆಯ ದಿನದಿಂದ ಹೊರಳಿಸುವುದು ನಿಲ್ಲಿಸಿ, ತೇವಾಂಶ ಶೇಕಡಾ 65-70ಕ್ಕೆ ಏರಿಸಿ, ಮುಚ್ಚಳ ಮುಟ್ಟಬೇಡಿ. ಕಿವಿ ಹಚ್ಚಿದರೆ ಒಳಗಿನಿಂದಲೇ ಚಿಂವ್ ಚಿಂವ್ ಕೇಳಿಸುತ್ತದೆ. ಕೊಕ್ಕಿನ ತುದಿಯ ಗಟ್ಟಿ ಮೊಳೆಯಿಂದ ಮರಿ ಚಿಪ್ಪಿಗೊಂದು ಬಿರುಕು ಬಿಡಿಸಿ, ಆಮೇಲೆ ಸುಮ್ಮನಾಗುತ್ತದೆ. ಹತ್ತು-ಹನ್ನೆರಡು ತಾಸು ಅಲುಗದೆ ಇರುವುದೂ ಉಂಟು. ಪಾಪ, ದಣಿದಿದೆ ಎಂದು ಚಿಪ್ಪು ಸುಲಿಯಲು ಹೋದರೆ ಪೊರೆಯ ನಾಳಗಳಿಂದ ರಕ್ತ ಒಸರುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲೇ ರಕ್ತ ಮೈಗೆ ಮರಳುವುದು, ಉಳಿದ ಹಳದಿ ಹೊಟ್ಟೆಯೊಳಗೆ ಸೇರುವುದು. ಮರಿ ಆಮೇಲೆ ಸುತ್ತ ತಿರುಗುತ್ತ ದಪ್ಪ ತುದಿಯನ್ನು ಬಳೆಯಾಕಾರ ಕೊರೆದು, ಕಾಲಿನಿಂದ ಒದ್ದು ಹೊರಬರುತ್ತದೆ.

ಹೊಟ್ಟೆ ಸೇರಿದ ಆ ಹಳದಿಯ ಬಲದಿಂದ ಮರಿ ಎರಡು ದಿನ ಕಾಳು-ನೀರಿಲ್ಲದೆಯೂ ಇರಬಲ್ಲದು. ಆದ್ದರಿಂದ ಮೈ ಒಣಗುವವರೆಗೆ ಪೆಟ್ಟಿಗೆಯಲ್ಲೇ ಬಿಡಿ. ಆಮೇಲೆ ಬಲ್ಬಿನ ಕೆಳಗೆ ಮೊದಲ ವಾರ 35 ಡಿಗ್ರಿ, ಮುಂದೆ ವಾರಕ್ಕೆ ಮೂರರಂತೆ ಇಳಿಕೆ. ಮೊದಲ ವಾರದ ಕೊನೆಗೆ, ಕೊಕ್ಕರೆ ರೋಗ ಬರದಂತೆ ಪಶು ಆಸ್ಪತ್ರೆಯಲ್ಲಿ ಕೇಳಿ ಕಣ್ಣಿಗೊಂದು ಹನಿ ಲಸಿಕೆ.