ಎಳೆಯುವ ತಂತಿ, ಮರಳಿಸುವ ಸ್ಪ್ರಿಂಗ್: ಆಕ್ಸಿಲರೇಟರ್ ಕೇಬಲ್ ಕುರಿತ ತಪ್ಪು ಕಲ್ಪನೆಗಳು

1983ರ ಕೊನೆಯಲ್ಲಿ ರಸ್ತೆಗಿಳಿದು 2014ರ ಆರಂಭದವರೆಗೂ ತಯಾರಾದ ಮಾರುತಿ 800 ಕಾರುಗಳು ಕರ್ನಾಟಕದ ಊರುಗಳಲ್ಲಿ ಇಂದಿಗೂ ಓಡಾಡುತ್ತಿರುವುದರಿಂದ, ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಕಣ್ಮರೆಯಾಗಿರುವ ಆಕ್ಸಿಲರೇಟರ್ ಕೇಬಲ್ ಅನೇಕ ಮಾಲೀಕರ ಪಾಲಿಗೆ ಇನ್ನೂ ಆಗಾಗ ಬದಲಾಯಿಸಬೇಕಾದ ಭಾಗವಾಗಿಯೇ ಉಳಿದಿದೆ. ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ಒಳತಂತಿ, ಅದು ಜಾರಾಡುವ ಹೊರಕವಚ, ತಂತಿಯ ತುದಿಗಳಲ್ಲಿ ನಿಪ್ಪಲ್ ಎನ್ನಲಾಗುವ ಲೋಹದ ಗುಂಡು, ಇವಿಷ್ಟೇ ಅದರ ರಚನೆ. 1896ರಲ್ಲಿ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದ, ಸೈಕಲ್ ಬ್ರೇಕಿನಲ್ಲಿಯೂ ಬಳಕೆಯಾಗುವ ತಂತ್ರವೇ ಇಲ್ಲಿಯದೂ ಆಗಿದೆ. ಬಾವಿಯ ಹಗ್ಗದಂತೆ ಈ ತಂತಿಯೂ ಎಳೆಯಬಲ್ಲದೇ ಹೊರತು ತಳ್ಳಲಾರದು, ಆದ್ದರಿಂದ ಪೆಡಲಿನಿಂದ ಕಾಲು ತೆಗೆದಾಗ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ಕೆಲಸ ತಂತಿಯದಲ್ಲ, ಕಾರ್ಬೊರೇಟರಿನ ಬಳಿಯಿರುವ ಸ್ಪ್ರಿಂಗಿನದು. ಈ ಒಂದು ಸಂಗತಿ ಗಮನಕ್ಕೆ ಬಾರದಿರುವುದರಿಂದಲೇ ಕೇಬಲಿನ ಬಗೆಗಿನ ಬಹುಪಾಲು ತಪ್ಪು ಕಲ್ಪನೆಗಳು ಹುಟ್ಟಿಕೊಂಡಿವೆ.

ಪೆಡಲ್ ಒತ್ತಿದಾಗ ಕೇಬಲ್ ನೇರವಾಗಿ ಪೆಟ್ರೋಲನ್ನು ಬಿಡುತ್ತದೆ ಎಂಬುದು ಅತ್ಯಂತ ವ್ಯಾಪಕವಾದ ನಂಬಿಕೆ. ವಾಸ್ತವದಲ್ಲಿ ಕೇಬಲ್ ತೆರೆಯುವುದು ಥ್ರಾಟಲ್ ಎಂಬ ತಿರುಗುವ ತಟ್ಟೆಯನ್ನು, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಬಾಗಿಲನ್ನು. ಹೆಚ್ಚು ಗಾಳಿ ಕಾರ್ಬೊರೇಟರಿನ ಕಿರಿದಾದ ಕೊರಳನ್ನು ಹಾದುಹೋಗುವಾಗ ಅಲ್ಲಿ ಒತ್ತಡ ಇಳಿದು, ಆ ಇಳಿತವೇ ಪೆಟ್ರೋಲನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಪೆಡಲನ್ನು ಥಟ್ಟನೆ ಒತ್ತಿದಾಗ ಒಂದು ಚಿಕ್ಕ ಪಂಪು ಸ್ವಲ್ಪ ಪೆಟ್ರೋಲನ್ನು ಚಿಮ್ಮಿಸುವುದು ನಿಜವಾದರೂ ಅದು ಆ ಕ್ಷಣದ ಕೊರತೆಯನ್ನು ತುಂಬಲು ಮಾತ್ರ. 2000ದ ಸುಮಾರಿಗೆ ಬಂದ, ಕಾರ್ಬೊರೇಟರಿನ ಬದಲು ಇಂಜೆಕ್ಟರುಗಳಿರುವ ಎಂಪಿಎಫ್‌ಐ ಮಾದರಿಗಳಲ್ಲಿಯೂ ಕೇಬಲ್ ಗಾಳಿಯ ಬಾಗಿಲನ್ನೇ ತೆರೆಯುತ್ತದೆ, ಪೆಟ್ರೋಲಿನ ಪ್ರಮಾಣವನ್ನು ಸೆನ್ಸರುಗಳ ಮಾಹಿತಿಯ ಮೇಲೆ ಕಂಪ್ಯೂಟರ್ ನಿರ್ಧರಿಸುತ್ತದೆ.

ಕೇಬಲ್ ತುಂಡಾದರೆ ಕಾರು ಹಿಡಿತ ತಪ್ಪಿ ಓಡುತ್ತದೆ ಎಂಬ ಭಯವೂ ಸಾಮಾನ್ಯವಾಗಿದೆ. ಸತ್ಯ ಇದಕ್ಕೆ ತದ್ವಿರುದ್ಧ. ತಂತಿ ಪೂರ್ತಿ ತುಂಡಾದಾಗ ಸ್ಪ್ರಿಂಗ್ ಥ್ರಾಟಲನ್ನು ಮುಚ್ಚಿಬಿಡುವುದರಿಂದ ಎಂಜಿನ್ ಐಡ್ಲಿಂಗಿಗೆ ಇಳಿಯುತ್ತದೆ, ಪೆಡಲ್ ಸಡಿಲವಾಗಿ ನೆಲಕ್ಕೆ ತಾಗುತ್ತದೆ, ಕಾರು ನಿಧಾನವಾಗುತ್ತದೆ. ಹೆದರಬೇಕಾದದ್ದು ಇನ್ನೂ ತುಂಡಾಗದ, ಆದರೆ ಸವೆದ ಕೇಬಲಿಗೆ. ಒಳತಂತಿಯ ಎಳೆಗಳು ಒಮ್ಮೆಲೇ ಕಡಿಯದೆ, ಹೆಚ್ಚಾಗಿ ನಿಪ್ಪಲಿನ ಬುಡದಲ್ಲೋ ತಂತಿ ಬಾಗುವ ಜಾಗದಲ್ಲೋ ಒಂದೊಂದಾಗಿ ಕಡಿಯುತ್ತ ಹೋಗುತ್ತವೆ. ಹೀಗೆ ಕಡಿದ ಎಳೆಯ ಮೊನೆ ಮುಳ್ಳಿನಂತೆ ನಿಂತು ಕವಚದ ಒಳಗೋಡೆಗೆ ಸಿಕ್ಕಿಕೊಂಡಾಗ, ಕಾಲಿನ ಬಲದಿಂದ ತೆರೆದ ಥ್ರಾಟಲನ್ನು ಮುಚ್ಚಲು ಸ್ಪ್ರಿಂಗಿನ ಬಲ ಸಾಲದೆ ಎಂಜಿನ್ ಅದೇ ವೇಗದಲ್ಲಿ ಅಬ್ಬರಿಸುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಕ್ಲಚ್ ಒತ್ತಿ, ಬ್ರೇಕನ್ನು ಬಿಟ್ಟುಬಿಟ್ಟು ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿಹಿಡಿದು, ಕೀಯನ್ನು ಎಂಜಿನ್ ಆರುವಷ್ಟು ಮಾತ್ರ ತಿರುಗಿಸಬೇಕು. ಗಾಬರಿಯಲ್ಲಿ ಕೀಯನ್ನು ಹೊರಗೆ ಎಳೆದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ. ಬ್ರೇಕ್ ಬೂಸ್ಟರ್ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವುದರಿಂದ, ಥ್ರಾಟಲ್ ತೆರೆದೇ ಇರುವಾಗ ಹೊಸ ನಿರ್ವಾತ ಅಷ್ಟಾಗಿ ಉಂಟಾಗದೆ, ಪದೇಪದೇ ತುಳಿದರೆ ಸಂಗ್ರಹವಾಗಿದ್ದದ್ದೂ ಮುಗಿದುಹೋಗುತ್ತದೆ ಎಂಬುದೇ ಬ್ರೇಕಿನ ಕುರಿತ ಈ ಎಚ್ಚರಿಕೆಗೆ ಕಾರಣ. ಪೆಡಲ್ ಗಡುಸಾಗುವುದು, ಒತ್ತುವಾಗ ತಡೆತಡೆದು ಚಲಿಸುವುದು, ಕಾಲು ತೆಗೆದ ಮೇಲೆ ತಡವಾಗಿ ಮರಳುವುದು, ಇವು ಬದಲಾವಣೆಯ ಕಾಲ ಬಂದಿತೆಂಬುದರ ಲಕ್ಷಣಗಳು. ಇವನ್ನು ಹಳೆಯ ಕಾರಿನ ಸ್ವಭಾವವೆಂದು ಸಹಿಸಿಕೊಳ್ಳುವುದು ಸಲ್ಲದು.

ಎಣ್ಣೆ ಬಿಟ್ಟರೆ ಎಲ್ಲವೂ ಸರಿಯಾಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಒಳಪದರವಿಲ್ಲದ, ಬರಿಯ ಉಕ್ಕಿನ ಸುರುಳಿಯ ಕವಚವುಳ್ಳ ಹಳೆಯ ಕೇಬಲುಗಳಿಗೆ ಎಣ್ಣೆ ಬೇಕಾಗುತ್ತಿತ್ತು. ನೈಲಾನಿನಂಥ ನುಣುಪಾದ ಒಳಪದರವಿರುವ ಕೇಬಲಿನಲ್ಲಾದರೋ ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು, ಆ ಧೂಳು ಒಳಪದರವನ್ನೇ ಉಜ್ಜಿ ಸವೆಸುತ್ತದೆ. ಕಡಿದ ಎಳೆಯನ್ನಂತೂ ಯಾವ ಎಣ್ಣೆಯೂ ಕೂಡಿಸದು.

ಕೇಬಲನ್ನು ಬಿಗಿಗೊಳಿಸಿದರೆ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆ ಮಾಲೀಕರಲ್ಲಷ್ಟೇ ಅಲ್ಲ, ಕೆಲವು ಮೆಕ್ಯಾನಿಕ್‌ಗಳಲ್ಲಿಯೂ ಬೇರೂರಿದೆ. ಥ್ರಾಟಲ್ ಪೂರ್ತಿ ತೆರೆದುಕೊಂಡ ಮೇಲೆ ಅದಕ್ಕಿಂತ ಹೆಚ್ಚು ತೆರೆಯುವುದು ಸಾಧ್ಯವೇ ಇಲ್ಲವಾದ್ದರಿಂದ ಬಿಗಿತದಿಂದ ಶಕ್ತಿ ಹೆಚ್ಚದು. ಬದಲಿಗೆ ತಟ್ಟೆ ಮುಚ್ಚುವ ಸ್ಥಿತಿಗೆ ಬಾರದೆ ಐಡ್ಲಿಂಗ್ ಏರುತ್ತದೆ, ಆ ಏರಿಕೆಯನ್ನು ಸರಿಪಡಿಸಲು ಐಡ್ಲಿಂಗ್ ಸ್ಕ್ರೂ ತಿರುಗಿಸುವುದರಿಂದ ಒಂದು ತಪ್ಪಿನ ಮೇಲೆ ಇನ್ನೊಂದು ಸೇರುತ್ತದೆ. ಅತಿಯಾಗಿ ಸಡಿಲವಿದ್ದ ಕೇಬಲನ್ನು ಸರಿಯಾದ ಅಳತೆಗೆ ತಂದಾಗ ಮಾತ್ರ, ಅದುವರೆಗೆ ಪೂರ್ತಿ ತೆರೆಯದಿದ್ದ ಥ್ರಾಟಲ್ ತೆರೆಯತೊಡಗಿ ಪಿಕಪ್ ಮರಳುವುದುಂಟು; ನಂಬಿಕೆಯ ಮೂಲ ಬಹುಶಃ ಈ ಅನುಭವವೇ ಇರಬೇಕು.

ಬದಲಾಯಿಸುವ ಕೆಲಸ ಹೇಳುವಷ್ಟೇನೂ ಜಟಿಲವಲ್ಲ: ತಣ್ಣಗಿರುವ ಎಂಜಿನ್ನಿನಲ್ಲಿ ಲಾಕ್ ನಟ್ ಸಡಿಲಿಸಿ, ಥ್ರಾಟಲಿನ ತುದಿಯನ್ನೂ ಬಳಿಕ ಪೆಡಲಿನ ತುದಿಯನ್ನೂ ಬಿಡಿಸಿ, ಹಳೆಯದು ಸಾಗಿದ್ದ ದಾರಿಯಲ್ಲಿಯೇ ಹೊಸದನ್ನು ಎಳೆದು ಕೂಡಿಸಬೇಕು. ಆದರೆ ಉದ್ದ ಸರಿಯಿದ್ದರೆ ಯಾವ ಕೇಬಲಾದರೂ ಆದೀತೆಂಬ ಎಣಿಕೆ ತಪ್ಪು, ಏಕೆಂದರೆ ಮುಖ್ಯವಾದದ್ದು ಕವಚಕ್ಕಿಂತ ಒಳತಂತಿ ಎಷ್ಟು ಉದ್ದವಿದೆ ಎಂಬ ವ್ಯತ್ಯಾಸ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವಾಗ ಹಳೆಯ ಕೇಬಲನ್ನು ಜೊತೆಗೊಯ್ದು ಹೋಲಿಸುವುದು ಇದಕ್ಕಾಗಿಯೇ ಉಚಿತ. ದಾರಿಯೂ ಅಷ್ಟೇ ಮುಖ್ಯ: ಕವಚದೊಳಗಿನ ಘರ್ಷಣೆ ಕೇಬಲಿನ ಉದ್ದಕ್ಕಿಂತ ಹೆಚ್ಚಾಗಿ ಅದರ ಬಾಗುಗಳ ಒಟ್ಟು ಕೋನವನ್ನು ಅವಲಂಬಿಸಿ, ಆ ಕೋನದೊಡನೆ ಗುಣಾಕಾರವಾಗಿ ಏರುವುದರಿಂದ, ಒಂದು ಅನಗತ್ಯ ತಿರುವು ಹೊಸ ಕೇಬಲನ್ನೂ ಗಡುಸಾಗಿಸಬಲ್ಲದು.

ಹೊಸ ಕೇಬಲ್ ಕೆಲವೇ ತಿಂಗಳಲ್ಲಿ ಮತ್ತೆ ಬಿಗಿದುಕೊಂಡಾಗ ದೂಷಣೆ ಸಾಮಾನ್ಯವಾಗಿ ತಯಾರಕರ ಮೇಲೆ ಬೀಳುತ್ತದೆ. ಕೆಲವೊಮ್ಮೆ ಅದು ನ್ಯಾಯವೂ ಹೌದು. ಆದರೆ ಹಳೆಯ ಕಾರುಗಳಲ್ಲಿ ಇನ್ನೊಂದು ಕಾರಣ ಅಡಗಿರುವುದುಂಟು. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕುಳಿತಿರುವುದರಿಂದ, ಅದನ್ನು ಬ್ಯಾಟರಿಯ ಋಣ ತುದಿಗೂ ಬಾಡಿಗೂ ಜೋಡಿಸಲು ದಪ್ಪನೆಯ ಅರ್ಥ್ ವೈರ್ ಇರುತ್ತದೆ. ಅದರ ಕೊನೆ ತುಕ್ಕು ಹಿಡಿದೋ ಬೋಲ್ಟ್ ಸಡಿಲಗೊಂಡೋ ಸಂಪರ್ಕ ಕೆಟ್ಟರೆ, ಸ್ಟಾರ್ಟರ್ ಎಳೆಯುವ ಭಾರೀ ವಿದ್ಯುತ್ತು ಮರಳಲು ಬೇರೆ ಲೋಹದ ದಾರಿಯನ್ನು ಹುಡುಕಿಕೊಂಡು, ಎಂಜಿನ್ನಿನಿಂದ ಬಾಡಿಗೆ ಹಾದಿರುವ ಆಕ್ಸಿಲರೇಟರ್ ಕೇಬಲ್ ಅಥವಾ ಚೋಕ್ ಕೇಬಲಿನ ಮೂಲಕವೇ ಹರಿಯತೊಡಗುತ್ತದೆ. ತೆಳ್ಳನೆಯ ತಂತಿ ಆಗ ಕಾದು, ಪ್ಲಾಸ್ಟಿಕ್ ಒಳಪದರವನ್ನು ಕರಗಿಸಿ, ತಣಿದ ಮೇಲೆ ಅದರೊಳಗೇ ಅಂಟಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಕೇಬಲ್ ಬೆಚ್ಚಗಾಗುತ್ತಿದ್ದರೆ ಮೊದಲು ಆ ಅರ್ಥ್ ವೈರಿನ ಎರಡೂ ಕೊನೆಗಳನ್ನು ಉಜ್ಜಿ ಶುಚಿಗೊಳಿಸಿ ಬಿಗಿ ಮಾಡಬೇಕು, ಹೊಸ ಕೇಬಲಿನ ಮಾತು ಆಮೇಲಿನದು.