ಸಿಸ್ಟರ್ ಯಾಕೆ ಕೆಲಸ ಬಿಟ್ಟರು?

ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ರೋಗಿಯ ಸ್ಥಿತಿ ಬಿಗಡಾಯಿಸಿದರೆ ಮನೆಯವರು ಬಾಗಲಕೋಟೆಗೆ ಧಾವಿಸುತ್ತಾರೆ. ಜಿಲ್ಲಾಸ್ಪತ್ರೆಯಿರಲಿ, ಕುಮಾರೇಶ್ವರ ಆಸ್ಪತ್ರೆಯಿರಲಿ, ರಾತ್ರಿಯಿಡೀ ಹಾಸಿಗೆ ಬಳಿ ಓಡಾಡುವವರು ನರ್ಸ್‌ಗಳೇ.

ಅವರ ಹುರುಪು ಕುಂದುವುದು ಸೇವಾಭಾವ ಬತ್ತಿದ್ದರಿಂದಲ್ಲ. ತೀವ್ರ ನಿಗಾ ಘಟಕದಲ್ಲಿ ರೋಗಿಗೊಬ್ಬ ನರ್ಸ್ ಇರಬೇಕೆನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತು. ಕೈ ಸಾಲದಿದ್ದಾಗ ಇಂಜೆಕ್ಷನ್ ತಡವಾಗುತ್ತದೆ, ಕೇಸ್‌ಶೀಟ್ ಬಾಕಿ ಉಳಿಯುತ್ತದೆ. ರೋಗಿ ಕಡೆಯವರ ಬೈಗುಳ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ!

ಇನ್ನು ಸಂಬಳ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಲಿ ಎಂದಿತು. ಅದು ಶಿಫಾರಸು, ಅಷ್ಟೇ.

ಸರ್ಕಾರಿ ವಾರ್ಡುಗಳಲ್ಲಿ ಗುತ್ತಿಗೆಯ ಚಿಂತೆ. ಕಾಯಂ ಮಾಡಿ ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಫೆಬ್ರುವರಿಯಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದ್ದರು. ಅನುಭವಿಗಳು ಬೆಂಗಳೂರಿಗೋ ಕೊಲ್ಲಿಗೋ ಹೊರಟರೆ, ರಾತ್ರಿ ಪಾಳಿ ಹೊಸಬರ ಹೆಗಲಿಗೆ ಬೀಳುತ್ತದೆ.