ಅಣಬೆಯೂ ಕಡಲಹಕ್ಕಿಯೂ

ಜಯನಗರದ ಅಂಗಡಿಯಲ್ಲಿ ಚಿಪ್ಪಣಬೆಯನ್ನು ಕೊಳ್ಳುವಾಗ, ಅದರ ಬಂಧುವೊಂದು ಅಳಿವಿನ ಅಂಚಿನಲ್ಲಿರುವುದು ನಮಗೆ ಹೊಳೆಯುವುದಿಲ್ಲ. ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಬೆಟ್ಟಗಳಲ್ಲಿ ಬೆಳೆಯುವ ‘ಪ್ಲೂರೋಟಸ್ ನೆಬ್ರೊಡೆನ್ಸಿಸ್’ ಎಂಬ ಬೆಳ್ಳನೆಯ ಅಣಬೆಯೇ ಅದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2006ರಲ್ಲಿ ಇದನ್ನು ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ವರ್ಷಕ್ಕೆ 250ಕ್ಕಿಂತ ಕಡಿಮೆ ಅಣಬೆಗಳು ಮಾತ್ರ ಪಕ್ವವಾಗುವುವೆಂದು ಆಗಿನ ಅಂದಾಜು.

ಅದೇ ಮೆಡಿಟರೇನಿಯನ್ ಸಮುದ್ರದಲ್ಲಿ, ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಮರಿಮಾಡುವ ಶಿಯರ್‌ವಾಟರ್ ಎಂಬ ಕಡಲಹಕ್ಕಿಯೂ ಅದೇ ಸಾಲಿನಲ್ಲಿದೆ. ಇದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮೀನುಗಾರರ ಸಾಲುಗಾಳದ ಎರೆಗೆ ಎರಗಿದ ಹಕ್ಕಿಯು ಕೊಕ್ಕೆಗೆ ಸಿಕ್ಕಿ ನೀರಿನಲ್ಲಿ ಮುಳುಗಿ ಸಾಯುತ್ತದೆ. ಅಣಬೆಯನ್ನಾದರೋ, ಬೀಜಕಣಗಳು ಉದುರುವ ಮೊದಲೇ ಜನರು ಕಿತ್ತೊಯ್ಯುತ್ತಾರೆ. ಎರಡರಲ್ಲಿಯೂ ಸಂತತಿಯ ಎಳೆಯೇ ತುಂಡಾಗುತ್ತದೆ.

ಆದರೆ ಪರಿಹಾರದಲ್ಲಿ ಭೇದವುಂಟು. ಅಣಬೆಯನ್ನು ತೋಟದಲ್ಲಿ ಬೆಳೆದು ಬೆಟ್ಟದ ಅಣಬೆಯನ್ನು ಕೀಳುವವರ ಆಸೆಯನ್ನು ತಗ್ಗಿಸಬಹುದು. ಸಿಸಿಲಿಯಲ್ಲಿ ಆ ಪ್ರಯತ್ನ ನಡೆದಿದೆ. ಹಕ್ಕಿಯನ್ನು ಹಾಗೆ ಬೆಳೆಯಲಾಗದು. ಅದು ಹಗಲಿನಲ್ಲಿ ಬೇಟೆಯಾಡುವುದರಿಂದ, ಗಾಳವನ್ನು ಇರುಳಿನಲ್ಲಿ ಬಿಟ್ಟರೆ ಅನೇಕ ಹಕ್ಕಿಗಳು ಉಳಿಯುತ್ತವೆ. ಹಕ್ಕಿಯ ಅಳಿವು ಆಕಾಶದಲ್ಲಿ ಕಾಣುತ್ತದೆ. ಅಣಬೆಯದನ್ನು ನೆಲಕ್ಕೆ ಬಾಗಿಯೇ ನೋಡಬೇಕು. ನಾವು ಬಾಗಲು ಕಲಿಯಬೇಕಾಗಿದೆ.